ಡೆಡ್ ಸ್ಟಾಕ್ ಕುರ್ಚಿಯ ಜೊತೆ ಅರ್ಧ ಗಂಟೆ

ಅದೊಂದು ಸ್ವಾಯತ್ತ ಪದವಿ ಕಾಲೇಜು. ಹೆಸರು ಬೇಡ, ನಿಮ್ಮೂರಿನದೇ ಅಂದುಕೊಳ್ಳಿ. ಮೀಟಿಂಗ್ ಹಾಲಿನ ಮೂಲೆಯಲ್ಲಿ, ಕಳೆದ ಸಲದ ನ್ಯಾಕ್ ಮೌಲ್ಯಮಾಪನದ ಬ್ಯಾನರಿಗೆ ಒರಗಿಕೊಂಡು, ವಿದ್ಯಾರ್ಥಿ ಪ್ರತಿನಿಧಿಗೆಂದು ಇಟ್ಟ ಮರದ ಕುರ್ಚಿಯಿದೆ. ಬೆನ್ನಿಗೆ ಬಿಳಿ ಪೇಂಟಿನಲ್ಲಿ ‘ಡಿ.ಎಸ್. 47’. ಡೆಡ್ ಸ್ಟಾಕ್ ರಿಜಿಸ್ಟರಿನ ನಂಬರು. ಕೂರಲು ಹೋದೆ. “ಬೇಡ ಸ್ವಾಮಿ, ಒಂದು ಕಾಲು ಗಿಡ್ಡ” ಎಂದಿತು. ನಿಂತೇ ಮಾತಾಡಿಸಿದೆ.

ನಾನು: ಸಿಲಬಸ್ ಮಾಡುವ ಸಭೆಗಳನ್ನು ಹತ್ತಿರದಿಂದ ನೋಡಿದವರು ನೀವು.

ಕುರ್ಚಿ: ಹತ್ತಿರ ಎಲ್ಲಿ ಬಂತು, ಮೂಲೆಯಿಂದ. ಅಧ್ಯಯನ ಮಂಡಳಿಯಲ್ಲಿ ಯಾರ್ಯಾರು ಇರಬೇಕು ಅಂತ ಯುಜಿಸಿ ಪಟ್ಟಿ ಕೊಟ್ಟಿದೆ. ವಿಭಾಗದ ಮುಖ್ಯಸ್ಥರು, ಮೇಷ್ಟ್ರುಗಳು, ಹೊರಗಿನ ವಿಷಯತಜ್ಞರು, ಕುಲಪತಿಗಳ ಕಡೆಯವರು ಒಬ್ಬರು, ಕಂಪನಿ ಕಡೆಯವರು ಒಬ್ಬರು. ಕೊನೆಗೆ ಪ್ರಿನ್ಸಿಪಾಲರು ಆರಿಸಿದ ಒಬ್ಬ ಪ್ರತಿಭಾವಂತ ಹಳೇ ವಿದ್ಯಾರ್ಥಿ.

ನಾನು: ಈಗ ಓದುತ್ತಿರುವವರು?

ಕುರ್ಚಿ: ಓದ್ತಾ ಇದಾರಲ್ಲ, ತೊಂದರೆ ಕೊಡಬಾರದು ಅಂತ ಕರೆಯೋದಿಲ್ಲ. ಮದುವೆ ಹೆಣ್ಣನ್ನ ಮನೇಲಿ ಬಿಟ್ಟು, ಹತ್ತು ವರ್ಷದ ಹಿಂದೆ ಮದುವೆಯಾದ ಅವಳ ಅಕ್ಕನನ್ನ ಸೀರೆ ಅಂಗಡಿಗೆ ಕರಕೊಂಡು ಹೋದ ಹಾಗೆ. ಅಕ್ಕನಿಗೆ ಸೀರೆ ಗೊತ್ತು, ಇಲ್ಲ ಅನ್ನಲ್ಲ. ಉಡೋದು ಇವಳು.

ನಾನು: ಹಾಗಾದರೆ ನಿಮ್ಮ ಮೇಲೆ ಯಾರೂ ಕೂರುವುದೇ ಇಲ್ಲವೆ?

ಕುರ್ಚಿ: ಐಕ್ಯೂಎಸಿ ಸಭೆ ಅಂತ ಒಂದಿದೆ, ಗುಣಮಟ್ಟದ ಲೆಕ್ಕ ನೋಡೋದು. ಅದರಲ್ಲಿ ವಿದ್ಯಾರ್ಥಿ ಇರಬೇಕು ಅಂತ ನ್ಯಾಕ್ ಹೇಳಿದೆ. ಆವತ್ತು ಅಟೆಂಡರ್ ನನ್ನ ಧೂಳು ಒರೆಸ್ತಾನೆ. ಹುಡುಗ ಬರ್ತಾನೆ, ಬಾದಾಮಿ ಹಾಲು ಕುಡೀತಾನೆ, ಸಹಿ ಹಾಕ್ತಾನೆ. ನಡಾವಳಿಯಲ್ಲಿ ‘ವಿದ್ಯಾರ್ಥಿ ಪ್ರತಿನಿಧಿಯು ಸಭೆಗೆ ಧನ್ಯವಾದ ಅರ್ಪಿಸಿದರು’ ಅಂತ ಸೇರುತ್ತೆ. ಒಂದು ಸಲ ಆ ಸಾಲು ಸಭೆಗೆ ಮೊದಲೇ ಟೈಪಾಗಿತ್ತು.

ನಾನು: ಆ ಹುಡುಗನನ್ನು ಆರಿಸುವವರು ಯಾರು?

ಕುರ್ಚಿ: ಕ್ಲಾಸ್ ಟೀಚರ್ ಕಣ್ಣಿಗೆ ಬಿದ್ದವನೇ ಸಿ.ಆರ್., ಅಂದರೆ ತರಗತಿ ಪ್ರತಿನಿಧಿ. ಡಸ್ಟರ್ ತರೋದು, ಅಸೈನ್‌ಮೆಂಟ್ ಒಟ್ಟುಮಾಡೋದು, ಶಿಕ್ಷಕರ ದಿನಕ್ಕೆ ಚಂದಾ ಎತ್ತೋದು, ಜೆರಾಕ್ಸ್. ಚುನಾವಣೆ ಅಂದಿರಾ? 2006ರಲ್ಲಿ ಲಿಂಗ್ಡೋ ಸಮಿತಿ ವಿದ್ಯಾರ್ಥಿ ಚುನಾವಣೆಯ ನಿಯಮಗಳನ್ನ ಎಷ್ಟು ಚೆನ್ನಾಗಿ ಬರೆದುಕೊಟ್ಟಿತು! ಅಭ್ಯರ್ಥಿಗೆ ಶೇ. 75 ಹಾಜರಿ ಇರಬೇಕು, 5,000 ರೂಪಾಯಿ ಮೀರಿ ಖರ್ಚು ಮಾಡಬಾರದು, ಅಚ್ಚು ಹಾಕಿಸಿದ ಪೋಸ್ಟರ್ ಕೂಡದು. ಕರ್ನಾಟಕದಲ್ಲಿ ಆ 5,000 ಕೂಡ ಉಳಿಸಿದ್ದೀವಿ. ಕಾಲೇಜು ಚುನಾವಣೆ ನಿಲ್ಲಿಸಿಯೇ ಮೂರು ದಶಕ ದಾಟಿತು.

(ಚುನಾವಣೆ ಇದ್ದ ಕಾಲದ ಹೊಡೆದಾಟಗಳನ್ನು ನೆನಪಿಸಿದೆ. “ವಿಧಾನಸಭೆಯಲ್ಲೂ ಮೈಕು ಕಿತ್ತಿದಾರೆ, ಅದನ್ನೇನು ಮುಚ್ಚಿದರಾ?” ಎಂದಿತು. ಕುರ್ಚಿಗೆ ರಾಜಕೀಯ ಹೇಳಿಕೊಡಲು ನಾನು ಯಾರು?)

ನಾನು: ನಿಮ್ಮ ಮನೆತನ ಬಹಳ ಹಳೆಯದಂತೆ.

ಕುರ್ಚಿ: ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯ! 1088ರಿಂದ ಲೆಕ್ಕ ಹಾಕ್ತಾರೆ. ದೂರದೂರಿಂದ ಕಾನೂನು ಓದೋಕೆ ಬಂದ ಹುಡುಗರೇ ಸೇರಿ ಕಟ್ಟಿಕೊಂಡ ಸಂಘ ಅದು. ರೆಕ್ಟರ್ ಕೂಡ ವಿದ್ಯಾರ್ಥಿಯೇ. ಮೇಷ್ಟ್ರು ಅವರಿಗೆ ವಿಧೇಯನಾಗಿರ್ತೀನಿ ಅಂತ ಪ್ರಮಾಣ ಮಾಡಬೇಕಿತ್ತು. ತಡವಾಗಿ ಬಂದರೆ ದಂಡ, ಗಂಟೆ ಹೊಡೆದ ಮೇಲೂ ಪಾಠ ಎಳೆದರೆ ದಂಡ, ಕಷ್ಟದ ಭಾಗ ಹಾರಿಸಿದರೆ ದಂಡ. ಒಂದು ದಿನ ರಜಾ ಬೇಕಾದರೂ ಹುಡುಗರ ಅಪ್ಪಣೆ. ಪುಸ್ತಕವನ್ನ ತುಂಡು ತುಂಡು ಮಾಡಿ, ಇಂಥ ದಿನದೊಳಗೆ ಇಷ್ಟು ಮುಗೀಬೇಕು ಅಂತ ಗೊತ್ತು ಮಾಡಿದ್ರು. ನೀವು ‘ಪೋರ್ಷನ್’ ಅಂತೀರಲ್ಲ, ಅದೇ. ಮುಗೀಲಿಲ್ಲವೋ, ಮೇಷ್ಟ್ರು ಮೊದಲೇ ಇಟ್ಟ ಠೇವಣಿಯಿಂದ ದುಡ್ಡು ಮುರಕೋತಿದ್ರು.

ನಾನು: ಇದು ಅತಿಯಾಗಲಿಲ್ಲವೆ?

ಕುರ್ಚಿ: ಅತಿಯೇ. ಹೆದರಿದ ಮೇಷ್ಟ್ರು ಏನು ಪಾಠ ಮಾಡ್ತಾರೆ? ಆದರೆ ಅದು ನಿಂತಿದ್ದು ಯಾರಿಗೋ ಬುದ್ಧಿ ಬಂದು ಅಲ್ಲ. ಮೇಷ್ಟ್ರಿಗೆ ಸಂಬಳ ನಗರದವರು ಕೊಡೋಕೆ ಶುರುಮಾಡಿದರು. ಕಾಸು ಯಾರದೋ ಮಾತು ಅವರದು.

ನಾನು: ಈಗ ಎಷ್ಟೋ ಕೋರ್ಸುಗಳಿಗೆ ಮತ್ತೆ ವಿದ್ಯಾರ್ಥಿಗಳದೇ ಕಾಸು.

ಕುರ್ಚಿ: ಹೌದು, ಅದಕ್ಕೆ ರಸೀದಿ ಕೊಡ್ತೀವಲ್ಲ.

ನಾನು: ಫೀಡ್‌ಬ್ಯಾಕ್ ಫಾರಂ ಕೂಡ ಕೊಡುತ್ತೀರಿ.

ಕುರ್ಚಿ: ಒಂದರಿಂದ ಐದು ಅಂಕ. ಸೆಮಿಸ್ಟರ್ ಮುಗಿದ ಮೇಲೆ. ಬಾಳೆ ಎಲೆ ಎತ್ತಿ ಆದಮೇಲೆ ಉಪ್ಪು ಸಾಕಾಯ್ತಾ ಅಂತ ಕೇಳಿದ ಹಾಗೆ. ಆಮೇಲೆ ಬಣ್ಣಬಣ್ಣದ ಗ್ರಾಫು. ಎಲ್ಲ ಸಬ್ಜೆಕ್ಟಿಗೂ ನಾಲ್ಕೂಕಾಲು, ನಾಲ್ಕೂವರೆ. ಫಾರಂ ಭರ್ತಿ ಮಾಡಿದ ಹುಡುಗಿಗೆ ಗೊತ್ತಿರೋದು ಬೇರೆ: ಐದನೇ ಯೂನಿಟ್ ಪ್ರತಿ ವರ್ಷವೂ ಕೊನೇ ಎರಡು ಕ್ಲಾಸಿನಲ್ಲಿ ಓಡುತ್ತೆ, ಪರೀಕ್ಷೇಲಿ ಅದಕ್ಕೂ ಅಷ್ಟೇ ಮಾರ್ಕ್ಸು.

ನಾನು: ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ. ಆಗಲಾದರೂ ಈ ಸಭೆಯಲ್ಲಿ ಯಾರನ್ನಾದರೂ ಕೇಳಿದರೆ?

ಕುರ್ಚಿ: ಸುತ್ತೋಲೆ ಓದಿ ಹೇಳಿದರು. ನಾನೂ ಕೇಳಿಸಿಕೊಂಡೆ.

ನಾನು: ಒಟ್ಟಿನಲ್ಲಿ ಪ್ರತಿನಿಧಿಯಿಂದ ಉಪಯೋಗವಿಲ್ಲ ಅನ್ನುತ್ತೀರಿ.

ಕುರ್ಚಿ: (ಮೊದಲ ಸಲ ದನಿ ಇಳಿಸಿ) ಹಾಗನ್ನಬೇಡಿ. ಎರಡು ವರ್ಷದ ಹಿಂದೆ ಒಂದು ಹುಡುಗಿ ಬಂದಿದ್ದಳು, ಬಿ.ಎಸ್‌ಸಿ. ಓದ್ತಿದ್ದವಳು. ಬಾದಾಮಿ ಹಾಲು ಮುಟ್ಟಲಿಲ್ಲ. ಬ್ಯಾಗಿನಿಂದ ನೂರು ಪುಟದ ನೋಟ್‌ಬುಕ್ ತೆಗೆದಳು. ಕೆಮಿಸ್ಟ್ರಿ ಪ್ರಾಕ್ಟಿಕಲ್ ಮುಗಿಯೋದು ಐದಕ್ಕೆ. ಅವಳ ಕಡೆಯ ಹಳ್ಳಿಗಳಿಗೆ ಕೊನೇ ಬಸ್ಸು ನಾಲ್ಕೂಮುಕ್ಕಾಲಿಗೆ. ಹನ್ನೊಂದು ಹುಡುಗಿಯರು ಟೈಟ್ರೇಷನ್ ಅರ್ಧಕ್ಕೆ ಬಿಟ್ಟು ಓಡ್ತಾರೆ, ರೀಡಿಂಗ್ ಪಕ್ಕದವರದು ನೋಡಿ ಬರಕೋತಾರೆ. ತಾರೀಕು ಸಮೇತ ಓದಿದಳು. ಮುಖ್ಯಸ್ಥರು, “ನಾವು ಇವರಿಗೆ ಆಸಕ್ತಿಯಿಲ್ಲ ಅಂದುಕೊಂಡಿದ್ದೆವಲ್ಲಮ್ಮ” ಅಂದರು. ಕೆಟ್ಟವರಲ್ಲ ಸ್ವಾಮಿ ಅವರು, ಸ್ಕೂಟರಲ್ಲಿ ಬರೋರು. ಬಸ್ಸಿನ ಟೈಮು ಅವರಿಗೆ ಹೇಗೆ ಗೊತ್ತಾಗಬೇಕು? ಮುಂದಿನ ವಾರದಿಂದ ಪ್ರಾಕ್ಟಿಕಲ್ ಬೆಳಿಗ್ಗೆಗೆ ಬಂತು.

ನಾನು: ನಡಾವಳಿಯಲ್ಲಿ ಏನೆಂದು ದಾಖಲಾಯಿತು?

ಕುರ್ಚಿ: ಧನ್ಯವಾದ ಅರ್ಪಿಸಿದರು ಅಂತ.

ನಾನು: ಆ ಹುಡುಗಿ ಈಗ?

ಕುರ್ಚಿ: ಪಾಸಾಗಿ ಹೋದಳು. ನೋಟ್‌ಬುಕ್ಕೂ ಅವಳ ಜೊತೆಗೇ ಹೋಯ್ತು. ಮುಂದಿನವನಿಗೆ ಯಾರೂ ಏನೂ ಹೇಳಲಿಲ್ಲ, ಅವನು ಬಾದಾಮಿ ಹಾಲಿಂದ ಶುರುಮಾಡಿದ.

ಅಷ್ಟರಲ್ಲಿ ಅಟೆಂಡರ್ ಬಂದ. ಪಕ್ಕದ ಕೋಣೆಯಲ್ಲಿ ಅಧ್ಯಯನ ಮಂಡಳಿಯ ಸಭೆಯಂತೆ. ಕುರ್ಚಿಯನ್ನು ಹೆಗಲಿಗೇರಿಸಿದ. ಯಾರು ಕೂರುತ್ತಾರೆಂದು ಆಸೆಯಿಂದ ಕೇಳಿದೆ.

“ಕೂರೋಕಲ್ಲ ಸಾರ್, ತಿಂಡಿ ಪೊಟ್ಟಣ ಇಡೋಕೆ” ಎಂದ.

ಗಿಡ್ಡ ಕಾಲಿನ ಕೆಳಗಿಡಲು ಅವನ ಕೈಯಲ್ಲಿ ಮಡಿಸಿದ ಕಾಗದವೊಂದಿತ್ತು. ಅದರ ಮೇಲೆ ಒಂದರಿಂದ ಐದರವರೆಗೆ ಚೌಕಗಳಿದ್ದವು.