ಹಬ್ಬದ ದಿನ ಮಾತ್ರೆಗೆ ರಜ

ಮಂಡಿಕಲ್ಲಿನ ನಮ್ಮ ಸೋದರಮಾವನಿಗೆ ಸಕ್ಕರೆ ಕಾಯಿಲೆ ಬಂದು 14 ವರ್ಷ. ದಿನಕ್ಕೆ ಐದು ಮಾತ್ರೆ: ತಿಂಡಿಗೆ ಮುಂಚೆ ಗ್ಲಿಮೆಪಿರೈಡ್, ಎರಡು ಹೊತ್ತು ತಿಂದ ಮೇಲೆ ಮೆಟ್‌ಫಾರ್ಮಿನ್, ಬಿಪಿಗೊಂದು, ಕೊಲೆಸ್ಟರಾಲ್‌ಗೊಂದು. ಮಾವನ ಬಾಯಲ್ಲಿ ಅವು ಸಣ್ಣದು, ಉದ್ದಂದು, ಬಿಪೀದು, ರಾತ್ರೀದು. ಎಲ್ಲವೂ ಒಂದೇ ಹಾರ್ಲಿಕ್ಸ್ ಬಾಟಲಿಯಲ್ಲಿ ಅವಿಭಕ್ತ ಕುಟುಂಬದಂತೆ ವಾಸ.

ಒಮ್ಮೆ ಅಂಗಡಿಯವರು ಬೇರೆ ಕಂಪನಿಯ ‘ಸಣ್ಣದು’ ಕೊಟ್ಟರು. ಬಣ್ಣ ಬೇರೆ, ಮಾವ ಹೊಸದೆಂದುಕೊಂಡು ಹಳೇದರ ಜೊತೆಗೆ ಅದನ್ನೂ ನುಂಗಿದರು. ಹನ್ನೊಂದು ಗಂಟೆಗೆ ಮೈಯೆಲ್ಲ ಬೆವರಿ, ಕೈ ನಡುಗಿ, ದ್ರಾಕ್ಷಿ ಚಪ್ಪರದ ಕೆಳಗೆ ಕುಸಿದು ಕೂತರು. ಪಕ್ಕದ ತೋಟದವರು ಬೆಲ್ಲ ಬಾಯಿಗಿಟ್ಟು ಉಳಿಸಿದರು. ಇದರಿಂದ ಮಾವ ಕಲಿತ ಪಾಠ: “ಮಾತ್ರೆ ಬೀಳಿಸ್ತು, ಬೆಲ್ಲ ಎಬ್ಬಿಸ್ತು. ಈಗ ಹೇಳೋ, ಯಾವುದು ಔಷಧಿ?”

ಯುಗಾದಿಗೆ ಮಾತ್ರೆ ಇಲ್ಲ, ಹಬ್ಬದ ದಿನ ಔಷಧಿ ಮುಟ್ಟಬಾರದಂತೆ. ನೇರಳೆ ಬೀಜದ ಪುಡಿ ತಿಂದ ವಾರವೂ ಇಲ್ಲ.

ನನಗೆ ಉರಿಯುವುದು ಮಾತ್ರ ರಕ್ತ ಪರೀಕ್ಷೆಯ ವಿಷಯ. ಮೂವತ್ತು ವರ್ಷ ಮೇಷ್ಟ್ರಾಗಿ ಕಾಪಿ ಹೊಡೆಯುವ ಹುಡುಗರ ಕಿವಿ ಹಿಂಡಿದ ಈ ಮಹಾನುಭಾವರು ಪರೀಕ್ಷೆಗೆ ಮೂರು ದಿನ ಇದೆ ಅನ್ನುವಾಗ ಋಷಿಯಾಗುತ್ತಾರೆ. ಅಂಗೈಯಗಲ ಮುದ್ದೆ, ಬಸ್ಸಾರು, ಗಡಿಯಾರ ನೋಡಿ ಮಾತ್ರೆ. ಖಾಲಿ ಹೊಟ್ಟೆಯಲ್ಲಿ 118! ಆ ಚೀಟಿ ಅರಳಿಕಟ್ಟೆಯ ಮೇಲೆ ಕೈಯಿಂದ ಕೈಗೆ ಓಡಾಡುತ್ತದೆ. ಕಳೆದ ಸಲ ಚಿಕ್ಕಬಳ್ಳಾಪುರದ ಡಾಕ್ಟರು ಎಚ್‌ಬಿಎ1ಸಿ ಬರೆದರು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟೂ ದಿನ ಅಂಟಿದ ಸಕ್ಕರೆಯನ್ನು ಹೊತ್ತುಕೊಂಡೇ ತಿರುಗುತ್ತದೆ. ಅದನ್ನೇ ಅಳೆಯುವ ಈ ಪರೀಕ್ಷೆಯಲ್ಲಿ ಬಂದದ್ದು 9.8. ಸಿಟ್ಟು ಬಂದರೆ ಮಾವನಿಗೆ ತೆಲುಗು. “ಏಮಿರಾ ಇದಿ? ಎರಡು ತಿಂಗಳ ಹಿಂದಿನ ಮದುವೆ ಲಾಡು ಈಗ ಲೆಕ್ಕಕ್ಕೆ ಬರುತ್ತಾ?”

ನಾನೂ ರೇಗಿದೆ. ಕಾಲು, ಕಣ್ಣು, ಕಿಡ್ನಿ ಅಂತ ಪಟ್ಟಿಯನ್ನೇ ಓದಿದೆ. ಮಾವ ಸುಮ್ಮನೆ ಕೇಳಿ, ಕೊನೆಗೆ ಅಂದರು: “ನುಂಗಿದಾಗೆಲ್ಲ ನಾನು ರೋಗಿ ಅಂತ ನೆನಪಾಗುತ್ತೆ ಕಣೋ. ಬಿಟ್ಟ ದಿನ ಮರೆತೇ ಹೋಗುತ್ತೆ.” ನನಗೆ ಮಾತು ಹೊರಡಲಿಲ್ಲ. ನನ್ನ ಬ್ಯಾಗಿನಲ್ಲಿದ್ದ ಬಿಪಿ ಮಾತ್ರೆಯ ಸ್ಟ್ರಿಪ್ಪಿನಲ್ಲಿ ಹದಿನೈದಕ್ಕೆ ಹದಿಮೂರು ಹಾಗೇ ಇದ್ದವು.

2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರಿಗೆ ಮನೆ ಬಾಗಿಲಲ್ಲೇ ಬಿಪಿ, ಶುಗರ್ ನೋಡುತ್ತಾರೆ. ಅದರಡಿ ಈಗ ಮಾವನ ಬೀದಿಗೂ ಬರುವ ಆಶಾ ಕಾರ್ಯಕರ್ತೆ ಅವರದೇ ಹಳೇ ವಿದ್ಯಾರ್ಥಿನಿ. ಮೇಷ್ಟ್ರನ್ನು ಬಲ್ಲವಳು, “ಖಾಲಿ ಸ್ಟ್ರಿಪ್ ತೋರಿಸಿ ಸಾರ್” ಅನ್ನುತ್ತಾಳೆ. ತೋರಿಸುತ್ತಾರೆ. ಒಂದೂ ಬಿಡದೆ ಎಲ್ಲ ಖಾಲಿ.

ಹಾರ್ಲಿಕ್ಸ್ ಬಾಟಲಿ ಮಾತ್ರ ಈಗ ಮುಕ್ಕಾಲು ತುಂಬಿದೆ.