ಇಲ್ಲದ್ದಕ್ಕೂ ಬಿಲ್ಲು

ಜಪಾನಿನ ಫುಕುಶಿಮಾ ಪ್ರಾಂತ್ಯದ ಐಜು ಸೀಮೆಯಲ್ಲಿ ಸಿಗ್ಮಾ ಕಂಪನಿಯ ಕಾರ್ಖಾನೆಯಿದೆ. ಅಲ್ಲಿ ಅಲ್ಯುಮಿನಿಯಂ ಗಟ್ಟಿಯೊಂದನ್ನು ಯಂತ್ರದ ಬಾಯಿಗಿಟ್ಟು ಏಳು ಗಂಟೆ ಹೊತ್ತು ಕೊರೆಸುತ್ತಾರೆ. ಕೊರೆದದ್ದೆಲ್ಲ ಹೋಗಿ ಕೊನೆಗೆ ಉಳಿಯುವುದೇ ಒಂದು ಕ್ಯಾಮೆರಾದ ಮೈ. ಅದರ ಹೆಸರು ಬಿಎಫ್. 2025ರ ಫೆಬ್ರವರಿಯಲ್ಲಿ ಲೋಕಕ್ಕೆ ತೋರಿಸಿದರು. ಆಗಿನ ಬೆಲೆ 1,999 ಡಾಲರ್. ನಮ್ಮ ದುಡ್ಡಿಗೆ ತಿರುಗಿಸಿದರೆ ತೆರಿಗೆ ಕಟ್ಟುವ ಮೊದಲೇ ಒಂದೂವರೆ ಲಕ್ಷ ದಾಟುತ್ತದೆ. ಲೆನ್ಸಿನ ದುಡ್ಡು ಬೇರೆ. ನಮ್ಮ ಚಿನ್ನದಂಗಡಿಯವರು ಬಳೆ ಮಾಡುವಾಗ ಉದುರಿದ ಪುಡಿಗೂ ‘ವೇಸ್ಟೇಜ್’ ಅಂತ ಬಿಲ್ಲಿನ ಬುಡದಲ್ಲಿ ಸಣ್ಣಗೆ ಸೇರಿಸುತ್ತಾರಲ್ಲ, ಆ ಸಾಲನ್ನೇ ಬಿಲ್ಲಿನ ನೆತ್ತಿಗೇರಿಸಿ ಮೆರವಣಿಗೆ ಮಾಡಿದ ಕ್ಯಾಮೆರಾ ಇದು.

ಉದುರಿದ್ದು ಬರೀ ಅಲ್ಯುಮಿನಿಯಂ ಪುಡಿಯಾಗಿದ್ದರೆ ಚಿಂತೆಯಿರಲಿಲ್ಲ. ಜೊತೆಗೆ ವ್ಯೂಫೈಂಡರ್ ಹೋಯಿತು. ಮೆಕ್ಯಾನಿಕಲ್ ಶಟರ್ ಹೋಯಿತು. ಫ್ಲ್ಯಾಶ್ ಕೂರಿಸುವ ಹಾಟ್ ಶೂ ಹೋಯಿತು. ಕೈ ನಡುಗಿದರೆ ಸೆನ್ಸರನ್ನೇ ಅತ್ತಿತ್ತ ಸರಿಸಿ ಕಾಪಾಡುವ ವ್ಯವಸ್ಥೆ ಹೋಯಿತು. ಮೆಮೊರಿ ಕಾರ್ಡ್ ತೂರಿಸುವ ಸಂದೂ ಹೋಯಿತು. ಬೆರಳು ಆತುಕೊಳ್ಳಲು ಒಂದು ಉಬ್ಬಿಲ್ಲ, ಹಿಂಬದಿಯ ಸ್ಕ್ರೀನ್ ಮೇಲಕ್ಕೂ ವಾಲದು ಕೆಳಕ್ಕೂ ವಾಲದು. ಉಳಿದದ್ದು 24.6 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಸೆನ್ಸರ್, ಒಂದು ಡಯಲ್, ಬೆರಳಲ್ಲಿ ಎಣಿಸಿ ಮುಗಿಸಬಹುದಾದಷ್ಟು ಗುಂಡಿ, ಹೊಟ್ಟೆಯೊಳಗೇ ಹೊಲಿದಂತಿರುವ 230 ಜಿಬಿ ಮೆಮೊರಿ. ಮತ್ತೆ, ಮರೆತೆ, ಹದಿಮೂರು ಬಗೆಯ ಕಲರ್ ಮೋಡ್. ವೈರಾಗ್ಯ ತಾಳುವಾಗಲೂ ಪಂಚೆಯ ಬಣ್ಣದಲ್ಲಿ ಆಯ್ಕೆ ಇರಬೇಕಲ್ಲ.

ಬಿಎಫ್ ಅಂದರೇನು ಅಂತ ಕಂಪನಿಯೇ ಹೇಳಿದೆ: ‘ಬ್ಯೂಟಿಫುಲ್ ಫೂಲಿಶ್‌ನೆಸ್’. ತನ್ನ ಸರಕನ್ನು ತಾನೇ ಚೆಂದದ ಹುಚ್ಚು ಅಂದುಕೊಂಡ ಮೇಲೆ ನನ್ನಂಥ ವ್ಯಂಗ್ಯದವನ ಹೊಟ್ಟೆಪಾಡು ಏನಾಗಬೇಕು? ಹೆಸರಿನ ಮೂಲ ಒಕಾಕುರಾ ಕಾಕುಜೊ 1906ರಲ್ಲಿ ಇಂಗ್ಲಿಷಿನಲ್ಲಿ ಬರೆದ ‘ದಿ ಬುಕ್ ಆಫ್ ಟೀ’. ಈ ಒಕಾಕುರಾ ನಮಗೆ ತೀರಾ ದೂರದವರೂ ಅಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲೇ ಕಲ್ಕತ್ತೆಗೆ ಬಂದು ಠಾಕೂರರ ಬಳಗದೊಂದಿಗೆ ಒಡನಾಡಿ ಹೋದವರು.

ಚಹಾದ ಮಾತು ಬಂದದ್ದೂ ಒಳ್ಳೆಯದೇ ಆಯಿತು. ಸರಳತೆಗೆ ದುಬಾರಿ ಬೆಲೆ ಕಟ್ಟುವ ಚಾಳಿ ಆ ನಾಡಿಗೆ ಇವತ್ತಿನದಲ್ಲ. ಹದಿನಾರನೇ ಶತಮಾನದಲ್ಲಿ ಸೆನ್ ನೊ ರಿಕ್ಯು ಎಂಬ ಚಹಾ ಗುರು ಎರಡೇ ಚಾಪೆ ಹಾಸುವಷ್ಟು ಅಗಲದ ಗುಡಿಸಲಿನಲ್ಲಿ, ಒರಟು ಮಣ್ಣಿನ ಬಟ್ಟಲಿನಲ್ಲಿ ಚಹಾ ಕೊಟ್ಟ. ಅವನ ಧಣಿ ಹಿದೆಯೋಶಿ ಆ ಸರಳತೆಗೆ ಮಾರುಹೋದ. ಮಾರುಹೋಗಿ, ಬಿಚ್ಚಿ ಕಟ್ಟಿ ಬೇಕಾದಲ್ಲಿಗೆ ಒಯ್ಯಬಹುದಾದ ಚಿನ್ನದ ಚಹಾ ಕೋಣೆಯೊಂದನ್ನು ಮಾಡಿಸಿದ. 1591ರಲ್ಲಿ ಅದೇ ಧಣಿಯ ಅಪ್ಪಣೆಯಂತೆ ರಿಕ್ಯು ಹೊಟ್ಟೆ ಬಗೆದುಕೊಂಡು ಸತ್ತ. ಗುಡಿಸಲಿನವನು ಹೋದ, ಮಣ್ಣಿನ ಬಟ್ಟಲುಗಳಿಗೆ ಮಾತ್ರ ಅಲ್ಲಿಂದ ಇಲ್ಲಿಯವರೆಗೆ ಬೆಲೆ ಇಳಿದಿಲ್ಲ.

ಯುರೋಪಿನವರೇನು ಕಡಿಮೆಯೇ? ಜರ್ಮನಿಯ ಲೈಕಾ 2015ರಲ್ಲಿ ಎಂ ಟೈಪ್ 262 ಎಂಬ ಕ್ಯಾಮೆರಾ ಬಿಟ್ಟಿತು, ಅಮೆರಿಕದಲ್ಲಿ ಬೆಲೆ 5,195 ಡಾಲರ್. ಮರುವರ್ಷ ಅದೇ ಕ್ಯಾಮೆರಾದ ಹಿಂಬದಿಯ ಸ್ಕ್ರೀನ್ ಕಿತ್ತು, ಆ ಜಾಗದಲ್ಲಿ ಐಎಸ್‌ಒ ತಿರುಗಿಸುವ ಒಂದು ಚಕ್ರ ಕೂರಿಸಿ ಎಂ-ಡಿ ಅಂತ ಮಾರಿತು. ಬೆಲೆ 5,995. ಸ್ಕ್ರೀನ್ ಇದ್ದರೆ ಇಷ್ಟು, ಇಲ್ಲದಿದ್ದರೆ ಎಂಟುನೂರು ಡಾಲರ್ ಹೆಚ್ಚು. ನಮ್ಮ ಹೋಟೆಲಿನವರಿಗೆ ಈ ವಿದ್ಯೆ ಇನ್ನೂ ತಲುಪಿಲ್ಲ ಅನ್ನುವುದೇ ಸಮಾಧಾನ. ತಲುಪಿದ ದಿನ ಚಟ್ನಿ ಇಲ್ಲದ ಇಡ್ಲಿಗೆ ಇಪ್ಪತ್ತು ರೂಪಾಯಿ ಜಾಸ್ತಿ ಕೊಟ್ಟು, ಶುದ್ಧ ಇಡ್ಲಿ ತಿಂದೆವೆಂದು ಬೀಗುತ್ತಾ ಬರುತ್ತೇವೆ.

ಬಿಎಫ್ ಅಷ್ಟು ನಿರ್ದಯಿಯಲ್ಲ. ಆದರೂ ತಕ್ಕಡಿಯ ಇನ್ನೊಂದು ತಟ್ಟೆಗೆ ಏನಾದರೂ ಹಾಕಿ ನೋಡೋಣ. ಸಿಗ್ಮಾ, ಲೈಕಾ, ಪ್ಯಾನಾಸೋನಿಕ್ ಮೂವರೂ 2018ರಲ್ಲಿ ಒಪ್ಪಂದ ಮಾಡಿಕೊಂಡು ಒಂದೇ ಎಲ್ ಮೌಂಟ್ ಬಳಸುತ್ತಾರೆ. ಹಾಗಾಗಿ ಒಬ್ಬರ ಲೆನ್ಸ್ ಇನ್ನೊಬ್ಬರ ಕ್ಯಾಮೆರಾಕ್ಕೆ ಕೂರುತ್ತದೆ. 2023ರಲ್ಲಿ ಬಂದ ಪ್ಯಾನಾಸೋನಿಕ್ ಎಸ್5 ಮಾರ್ಕ್ 2 ಬಿಡುಗಡೆಯಾದಾಗ ಅದರ ಬೆಲೆಯೂ ಹೆಚ್ಚುಕಡಿಮೆ ಇಷ್ಟೇ ಡಾಲರ್. ಅದರಲ್ಲಿ ವ್ಯೂಫೈಂಡರ್ ಇದೆ, ಶಟರ್ ಇದೆ, ಹಾಟ್ ಶೂ ಇದೆ, ಎರಡು ಕಾರ್ಡ್ ಹಾಕಬಹುದು, ಸೆನ್ಸರ್ ತಾನೇ ಅಲುಗಿ ನಿಮ್ಮ ಅಲುಗಾಟವನ್ನು ನುಂಗುತ್ತದೆ, ಸ್ಕ್ರೀನನ್ನು ಬೇಕಾದತ್ತ ತಿರುಗಿಸಬಹುದು. ತೂಕ ಮುಕ್ಕಾಲು ಕಿಲೋದ ಹತ್ತಿರ. ಬ್ಯಾಟರಿ ಸೇರಿಸಿ ಬಿಎಫ್ 446 ಗ್ರಾಂ. ಅಂದರೆ ಇಷ್ಟೆಲ್ಲ ಬಿಟ್ಟು ನೀವು ಗಳಿಸಿದ್ದು ಮುನ್ನೂರು ಗ್ರಾಂ ಹಗುರ. ಇದಕ್ಕೂ ಬೆಲೆಯಿದೆ, ತಮಾಷೆಯಲ್ಲ. ದಿನವಿಡೀ ಕುತ್ತಿಗೆಗೆ ನೇತುಹಾಕಿಕೊಂಡು ತಿರುಗಿದವರಿಗೆ ಗೊತ್ತು.

ಆದರೆ ಮುನ್ನೂರು ಗ್ರಾಂನ ಆ ಪುಣ್ಯವನ್ನು ಲೆನ್ಸ್ ಉಳಿಯಗೊಡುವುದಿಲ್ಲ. ಫುಲ್ ಫ್ರೇಮ್ ಅಂದರೆ ಹಳೆಯ ರೀಲಿನ ಅಳತೆ, 36 ಮಿಲಿಮೀಟರ್ ಅಗಲ, 24 ಎತ್ತರ. ಮೂಲೆಯಿಂದ ಮೂಲೆಗೆ 43 ಮಿಲಿಮೀಟರ್ ಜಾಗಕ್ಕೆ ಬೆಳಕನ್ನು ಸರಿಯಾಗಿ ಹರಡಬೇಕಾದರೆ ಗಾಜು ದೊಡ್ಡದಿರಲೇಬೇಕು. ಕ್ಯಾಮೆರಾದ ಮೈಯನ್ನು ಎಷ್ಟು ಬೇಕಾದರೂ ಕೆತ್ತಬಹುದು, ಬೆಳಕಿನ ನಿಯಮವನ್ನು ಕೆತ್ತಲು ಐಜುವಿನಲ್ಲೂ ಯಂತ್ರವಿಲ್ಲ. ಸಿಗ್ಮಾದ್ದೇ 45 ಮಿಲಿಮೀಟರ್ ಎಫ್ 2.8 ಲೆನ್ಸ್ ಹಾಕಿದರೆ 215 ಗ್ರಾಂ, ಜೋಡಿ ಮುದ್ದಾಗಿ ಕಾಣುತ್ತದೆ. ಮನಸ್ಸು ಅಲ್ಲಿಗೆ ನಿಲ್ಲುತ್ತದೆಯೇ? ಒಂದು 24-70 ಎಫ್ 2.8 ಬೇಕೆನಿಸುತ್ತದೆ. ಅದು ಸುಮಾರು ಮುಕ್ಕಾಲು ಕಿಲೋ. ಆಮೇಲೆ ಹಿಡಿಯಲು ಉಬ್ಬಿಲ್ಲದ ನುಣುಪು ಬಿಲ್ಲೆಯೊಂದು ಲೆನ್ಸಿನ ಹಿಂದೆ ಜೋತುಬಿದ್ದಿರುತ್ತದೆ.

ನಮ್ಮ ಬೀದಿಯಲ್ಲಿ ಸ್ಟುಡಿಯೊ ಇಟ್ಟಿರುವವರೊಬ್ಬರಿದ್ದಾರೆ. ಮದುವೆ, ನಾಮಕರಣ, ಗೃಹಪ್ರವೇಶಗಳೇ ಅವರ ಜೀವನ. ಫೋನಿನಲ್ಲಿ ಬಿಎಫ್‌ನ ಚಿತ್ರ ತೋರಿಸಿದೆ. ಕನ್ನಡಕ ಮೇಲೇರಿಸಿ ನೋಡಿದರು.

“ಡಬ್ಬ ಚೆನ್ನಾಗಿದೆ ಸಾರ್. ಒಳಗಡೆ ಇರೋ ಕ್ಯಾಮೆರಾ ತೋರ್ಸಿ.”

ಇದೇ ಕ್ಯಾಮೆರಾ ಅಂದೆ. ಫ್ಲ್ಯಾಶ್ ಎಲ್ಲಿ ಕೂರಿಸೋದು ಅಂದರು. ಕೂರಿಸೋ ಹಾಗಿಲ್ಲ ಅಂದೆ. “ಛತ್ರದ ಲೈಟಲ್ಲಿ ಹಾಗೇ ತೆಗಿಯೋದಾ?” ಅಂದವರೇ ತಮ್ಮ ಕಂಪ್ಯೂಟರಿನಲ್ಲಿ ಒಂದು ಫೋಟೊ ತೆರೆದರು. ಹುಡುಗನೊಬ್ಬನಿಗೆ ಕ್ಯಾಮೆರಾ ಕೊಟ್ಟಾಗ ಅವನು ಸೈಲೆಂಟ್ ಮೋಡಿಗೆ ಹಾಕಿ ತೆಗೆದದ್ದಂತೆ. ಮದುಮಗಳ ಕೆನ್ನೆಯ ಮೇಲೆ, ರೇಷ್ಮೆ ಸೀರೆಯ ಮೇಲೆ, ಹಿಂದಿನ ಹೂವಿನ ಮಂಟಪದ ಮೇಲೆ ಅಡ್ಡಡ್ಡಲಾಗಿ ಕಪ್ಪು ಪಟ್ಟೆಗಳು. ಪುರೋಹಿತರ ವಿಭೂತಿ ಹಣೆ ಬಿಟ್ಟು ಇಡೀ ಮಂಟಪಕ್ಕೆ ಹಬ್ಬಿದಂತಿತ್ತು.

ಕಾರಣ ಸರಳ. ಮೆಕ್ಯಾನಿಕಲ್ ಶಟರ್ ಇಲ್ಲದಾಗ ಬಹುತೇಕ ಸೆನ್ಸರುಗಳು ಚಿತ್ರವನ್ನು ಒಮ್ಮೆಲೇ ಓದುವುದಿಲ್ಲ, ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತಾ ಬರುತ್ತವೆ. ನಮ್ಮ ಕರೆಂಟು 50 ಹರ್ಟ್ಜ್. ಅದಕ್ಕೆ ಕಟ್ಟಿದ ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಒಂದು ಸಾಲು ಓದುವಾಗ ದೀಪ ಬೆಳಗಿರುತ್ತದೆ, ಮುಂದಿನ ಸಾಲುಗಳಿಗೆ ಬರುವಷ್ಟರಲ್ಲಿ ಮಂಕಾಗಿರುತ್ತದೆ, ಪಟ್ಟೆ ಬೀಳುತ್ತದೆ. ಶಟರ್ ವೇಗವನ್ನು ಐವತ್ತನೇ ಅಥವಾ ನೂರನೇ ಒಂದು ಸೆಕೆಂಡಿಗೆ ಕಟ್ಟಿಹಾಕಿದರೆ ಟ್ಯೂಬ್‌ಲೈಟಿನ ಕಾಟ ತಪ್ಪುತ್ತದೆ. ಆದರೆ ವೇದಿಕೆಯ ಬಣ್ಣದ ಎಲ್‌ಇಡಿ ಒಂದು ತಾಳಕ್ಕೆ ಕುಣಿದರೆ, ಹಿಂದಿನ ಎಲ್‌ಇಡಿ ಪರದೆ ಇನ್ನೊಂದಕ್ಕೆ ಕುಣಿಯುತ್ತದೆ. ಯಾರ ತಾಳಕ್ಕೆ ಕಟ್ಟುತ್ತೀರಿ?

ಸ್ಟುಡಿಯೊದವರ ಮುಂದಿನ ಪ್ರಶ್ನೆ ಕಾರ್ಡಿನದು. ಕಾರ್ಡಿಲ್ಲ, ಎಲ್ಲ ಒಳಗೇ ಇರುತ್ತದೆ, ಸಾವಿರಾರು ಫೋಟೊ ಹಿಡಿಸುತ್ತದೆ ಎಂದು ನಾನು ಕಂಪನಿಯ ಏಜೆಂಟನಂತೆ ಬಡಬಡಿಸಿದೆ.

“ಎರಡು ಕಾರ್ಡಿಗೂ ಒಟ್ಟಿಗೆ ಬರೆಸ್ತೀವಿ ಸಾರ್, ಒಂದು ಕೈಕೊಟ್ರೆ ಇನ್ನೊಂದು ಇರ್ಲಿ ಅಂತ. ತಾಳಿ ಕಟ್ಟಾದ್ಮೇಲೆ, ಸ್ವಾಮಿ ಇನ್ನೊಂದ್ಸಲ ಕಟ್ಟಿ ಅನ್ನೋಕಾಗುತ್ತಾ? ಮತ್ತೆ ಮುಹೂರ್ತ ಆಗ್ತಿದ್ದ ಹಾಗೇ ಆಲ್ಬಮ್ ಹುಡುಗ ಬಂದು ಕಾರ್ಡ್ ಇಸ್ಕೊಂಡು ಹೋಗ್ತಾನೆ. ಇದಾದ್ರೆ ಕ್ಯಾಮೆರಾನೇ ಕೊಟ್ಟು, ನಾನು ಊಟಕ್ಕೆ ಕೂತ್ಕೋಬೇಕು.”

ಇದು ಮದುವೆಗೆಂದು ಮಾಡಿದ ಕ್ಯಾಮೆರಾ ಅಲ್ಲ, ದಿನನಿತ್ಯದ ಬದುಕನ್ನು ಹಿಡಿಯಲು ಮಾಡಿದ್ದು ಅಂತ ಬಿಎಫ್‌ನ ಭಕ್ತರು ತಕರಾರು ತೆಗೆಯುತ್ತಾರೆ. ಒಪ್ಪಿದೆ. ದಿನನಿತ್ಯದ ಬದುಕಿನಲ್ಲಿ ಸೂರ್ಯ ಇರುತ್ತಾನೆ. ಹಂಪಿಯ ಬಂಡೆಗಳ ನಡುವೆ ಮಧ್ಯಾಹ್ನ ಹನ್ನೆರಡಕ್ಕೆ ಯಾವ ಸ್ಕ್ರೀನಿನಲ್ಲಿ ಏನು ಕಾಣುತ್ತದೆ? ಸಂಜೆಯಾದರೆ ಇನ್ನೊಂದು ಪೇಚು. ವ್ಯೂಫೈಂಡರಿಗೆ ಕಣ್ಣೊತ್ತಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ ನಿಂತರೆ ಮೈಯೇ ಸ್ಟ್ಯಾಂಡು. ಕೈ ಮುಂದೆ ಚಾಚಿ ಸ್ಕ್ರೀನ್ ನೋಡುತ್ತಾ ತೆಗೆದರೆ ಕೈ ನಡುಗುತ್ತದೆ, ನಡುಕ ನುಂಗುವ ವ್ಯವಸ್ಥೆಯನ್ನು ಏಳು ಗಂಟೆಯ ಕೆತ್ತನೆಯಲ್ಲಿ ಕಳೆದಾಗಿದೆ. ನಡುಕ ತಪ್ಪಿಸಲು ಶಟರ್ ವೇಗ ಏರಿಸಬೇಕು, ಬೆಳಕು ಸಾಲದೆ ಐಎಸ್‌ಒ ಏರಿಸಬೇಕು, ಐಎಸ್‌ಒ ಏರಿದಂತೆ ಚಿತ್ರದಲ್ಲಿ ರವೆ ಚೆಲ್ಲುತ್ತದೆ. ಕತ್ತಲಲ್ಲಿ ಚೆನ್ನಾಗಿ ಬರಲಿ ಅಂತಲೇ ಅಲ್ಲವೇ ದೊಡ್ಡ ಸೆನ್ಸರಿಗೆ ದುಡ್ಡು ಸುರಿದದ್ದು?

ಹಾಗಂತ ಕಣ್ಣು ಮುಚ್ಚಿ ಬೈಯುವುದೂ ಅನ್ಯಾಯ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳ ಮೆನು ತೆರೆದವರಿಗೆ ಗೊತ್ತು, ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದಿಸುವುದೇ ವಾಸಿ. ಬೇಕಾದ ಸೆಟ್ಟಿಂಗ್ ಯಾವ ಪುಟದ ಯಾವ ಸಾಲಿನಲ್ಲಿದೆ ಎಂದು ಹುಡುಕುವಷ್ಟರಲ್ಲಿ ಹಕ್ಕಿ ಹಾರಿಹೋಗಿ ಮರಿ ಮಾಡಿರುತ್ತದೆ. ಬಿಎಫ್‌ನಲ್ಲಿ ಆ ಗೋಜಿಲ್ಲ. ಶಟರ್ ವೇಗ, ಅಪರ್ಚರ್, ಐಎಸ್‌ಒ, ಬಣ್ಣ, ಡಯಲ್ ತಿರುಗಿಸಿದರೆ ಮುಗಿಯಿತು. ಸದ್ದೂ ಇಲ್ಲ. ಸಂಗೀತ ಕಛೇರಿಯ ಮೊದಲ ಸಾಲಿನಲ್ಲಿ ಕೂತು ತೆಗೆದರೂ ಆಲಾಪದ ನಡುವೆ ‘ಟಕ್’ ಅನ್ನಿಸಿ ವಿದ್ವಾಂಸರ ಕೆಂಗಣ್ಣಿಗೆ ಗುರಿಯಾಗುವುದಿಲ್ಲ. ಕಾರ್ಡ್ ಮನೆಯಲ್ಲೇ ಮರೆತು ಹೋಗುವ ಜಾತಿಯವರಿಗಂತೂ ಒಳಗಿನ 230 ಜಿಬಿ ವರದಾನವೇ.

ಇನ್ನೊಂದು ಮಾತಿಗೂ ಸಿಗ್ಮಾಕ್ಕೆ ಕೈಮುಗಿಯಬೇಕು. 2019ರಲ್ಲಿ ಅದೇ ಕಂಪನಿ ಎಫ್‌ಪಿ ಅಂತ ಒಂದು ಪುಟ್ಟ ಫುಲ್ ಫ್ರೇಮ್ ಕ್ಯಾಮೆರಾ ತಂದಿತ್ತು. ಅದರಲ್ಲೂ ವ್ಯೂಫೈಂಡರ್ ಇರಲಿಲ್ಲ, ಹಿಡಿಕೆ ಇರಲಿಲ್ಲ. ಹಿಡಿಕೆ ಬೇಕೇ? ಸಣ್ಣದೊಂದು, ದೊಡ್ಡದೊಂದು, ಬೇರೆ ಕೊಳ್ಳಿ. ವ್ಯೂಫೈಂಡರ್ ಬೇಕೇ? ಎರಡು ವರ್ಷ ಕಾದು ಪಕ್ಕಕ್ಕೆ ಸಿಕ್ಕಿಸುವುದೊಂದನ್ನು ಕೊಳ್ಳಿ. ಎಲ್ಲ ಸಿಕ್ಕಿಸಿದ ಮೇಲೆ ಪುಟ್ಟ ಕ್ಯಾಮೆರಾ ಜಾತ್ರೆಯ ಬಲೂನು ಮಾರುವವನ ಕೋಲಿನಂತೆ ಕಾಣುತ್ತಿತ್ತು. ಬಿಎಫ್‌ನಲ್ಲಿ ಸಿಕ್ಕಿಸಲು ಜಾಗವನ್ನೇ ಬಿಟ್ಟಿಲ್ಲ. ಕಿತ್ತದ್ದನ್ನು ಮತ್ತೆ ನಮಗೇ ಮಾರುವ ದಾರಿಯನ್ನು ಕಂಪನಿ ತಾನೇ ಮುಚ್ಚಿಕೊಂಡಿದೆ. ವ್ಯಾಪಾರದಲ್ಲಿ ಇಷ್ಟು ಪ್ರಾಮಾಣಿಕತೆ ಅಪರೂಪ.

ಹಾಗಾದರೆ ಕೊಳ್ಳುವವರು ಯಾರು? ಬೀರುವಿನಲ್ಲಿ ಈಗಾಗಲೇ ಒಂದು ಕ್ಯಾಮೆರಾ ಇರುವವರು. ಮಗಳ ಭರತನಾಟ್ಯದ ರಂಗಪ್ರವೇಶಕ್ಕೆ ಅದು, ಭಾನುವಾರದ ಕಾಫಿ ಲೋಟಕ್ಕೆ ಇದು. ಕಡಿಮೆಯಲ್ಲಿ ಬದುಕುತ್ತೇನೆ ಎಂದು ಹೊರಟವನ ಮನೆಯಲ್ಲಿ ಒಂದಿದ್ದ ಕ್ಯಾಮೆರಾ ಎರಡಾಗುತ್ತದೆ, ಚಾರ್ಜರ್ ಎರಡಾಗುತ್ತದೆ, ಹಳೆಯ ಕ್ಯಾಮೆರಾ ಬೇರೆ ಮೌಂಟಿನದಾದರೆ ಲೆನ್ಸಿನ ಸಂಸಾರವೂ ಎರಡಾಗುತ್ತದೆ. ಒಂದೇ ಕ್ಯಾಮೆರಾ ಕೊಳ್ಳುವ ಶಕ್ತಿಯಿರುವವನು ಎಲ್ಲ ಇರುವುದನ್ನೇ ಹುಡುಕುತ್ತಾನೆ. ಅವನಿಗೆ ತ್ಯಾಗ ಮಾಡುವಷ್ಟು ಅನುಕೂಲವಿಲ್ಲ.

ಸ್ಟುಡಿಯೊದವರಿಗೆ ಇದನ್ನೇ ಹೇಳಿದೆ. ಅವರು ಆಗಲೇ ಲೆಕ್ಕ ಹಾಕಿ ಆಗಿತ್ತು.

“ತಗೊಳ್ಳೋರು ಆರು ತಿಂಗಳಲ್ಲಿ ಮಾರೇ ಮಾರ್ತಾರೆ ಸಾರ್, ಆವಾಗ ನೋಡೋಣ. ಒಂದೇ ಕಷ್ಟ. ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ ಶಟರ್ ಕೌಂಟ್ ಎಷ್ಟಾಗಿದೆ ಅಂತ ಕೇಳಿ ಚೌಕಾಸಿ ಮಾಡ್ತೀವಿ. ಇದಕ್ಕೆ ಶಟರೇ ಇಲ್ವಲ್ಲ, ಏನಂತ ಕೇಳಲಿ?”