ಬ್ರೇಕ್ ಒತ್ತಿದರೆ ಕಣ್ಣು ಹೊಡೆಯುವ ಇಂಡಿಕೇಟರ್

ಮಳೆಗಾಲದಲ್ಲಿ ಸುಮ್ಮನಿದ್ದು, ಮಳೆ ನಿಂತ ಮೇಲೆ ಶುರುವಾಗುತ್ತೆ ನೋಡಿ ರಾಯರೇ, ಈ ಕಾರಿನ ಚೇಷ್ಟೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತೆ. ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟೂ ಜೊತೆಗೆ ತಾಳ ಹಾಕುತ್ತೆ. ನಡುರಾತ್ರಿ ಹಾರ್ನ್ ತಾನೇ ಕೂಗಿ ಬೀದಿನಾಯಿಗಳನ್ನೆಲ್ಲ ಎಬ್ಬಿಸಿದ್ದೂ ಉಂಟು. ನಮ್ಮ ಮನೆಯಾಕೆ ನಿಂಬೆಹಣ್ಣು ಕಟ್ಟೋಣ ಅಂತ ಹೊರಟೇಬಿಟ್ಟಿದ್ದಳು!

ದೆವ್ವವೂ ಇಲ್ಲ, ಪಿಶಾಚಿಯೂ ಇಲ್ಲ. ಲೈಟುಗಳ ಚೇಷ್ಟೆಗೆ ಕಾರಣ ಇಷ್ಟೇ: ಹಿಂದಿನ ಲೈಟಿನ ಅರ್ಥಿಂಗ್ ತಂತಿ ಬಾಡಿಯ ಲೋಹಕ್ಕೆ ಸೇರೋ ಕಡೆ ನೀರು ಕೂತು ತುಕ್ಕು ಹಿಡಿದಿರುತ್ತೆ. ಮುಂಬಾಗಿಲು ಮುಚ್ಚಿದ್ದರೆ ಪಕ್ಕದ ಮನೆ ಹಿತ್ತಲು ಹಾರಿ ಹೋಗೋ ಹುಡುಗರ ಹಾಗೆ, ಕರೆಂಟು ಪಕ್ಕದ ಬಲ್ಬಿನೊಳಗೆ ನುಗ್ಗಿ ದಾರಿ ಮಾಡಿಕೊಳ್ಳುತ್ತೆ. ನಾವೋ, ಬಲ್ಬು ಬದಲಾಯಿಸ್ತೀವಿ, ಫ್ಯೂಸು ಬದಲಾಯಿಸ್ತೀವಿ. ಒಂದು ಬೋಲ್ಟ್ ಬಿಚ್ಚಿ ಎಮರಿ ಪೇಪರಲ್ಲಿ ಉಜ್ಜಿದ್ದರೆ ಮುಗೀತಿತ್ತು, ಅಲ್ವಾ?

ನಮ್ಮ ಸೋದರಮಾವನ ಅಂಬಾಸಿಡರ್ ಆಗುಂಬೆ ಘಾಟಿಯಲ್ಲಿ ಮಳೆಗೆ ಕೆಮ್ಮಿ ನಿಂತರೆ ಮಾವನಿಗೆ ಗಾಬರಿಯೇ ಇರಲಿಲ್ಲ. ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಪಂಚೆಯ ಚುಂಗಲ್ಲಿ ಒರೆಸಿ, ಉಫ್ ಅಂತ ಊದಿ ಹಾಕಿದರೆ ಹೊರಟಿತು. ಈಗಿನ ಕಾರು ಪಂಚೆಗೆ ಬಗ್ಗುತ್ತಾ? ತುಂಬ ಕಂಪ್ಯೂಟರ್ ಪೆಟ್ಟಿಗೆಗಳು. ಅದರಲ್ಲೂ ಕೆಲವು ಕಾರುಗಳಲ್ಲಿ ಅವನ್ನ ಸೀಟಿನಡಿ, ಕಾಲಿಡೋ ಕಡೆ, ಅಂದರೆ ನೀರು ಮೊದಲು ಸೇರೋ ಜಾಗದಲ್ಲೇ ಇಟ್ಟಿರ್ತಾರೆ. ಯಾವ ಪುಣ್ಯಾತ್ಮನ ಐಡಿಯಾನೋ!

2022ರ ಸೆಪ್ಟೆಂಬರಲ್ಲಿ ಬೆಂಗಳೂರಿನ ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಆಗ ಬೇಸ್‌ಮೆಂಟಲ್ಲಿ ಮುಳುಗಿದ ಕಾರುಗಳ ಕಥೆ ಬಿಡಿ, ಅದು ಇನ್ಶೂರೆನ್ಸಿನವರ ತಲೆನೋವು. ನಮ್ಮಂಥವರಿಗೆ ಪ್ರವಾಹವೇ ಬೇಕಿಲ್ಲ. ವೈಪರ್ ಬುಡದ ಜಾಲರಿಯೊಳಗೆ ತರಗೆಲೆ ಸೇರಿ ನೀರು ಹರಿಯೋ ತೂತು ಕಟ್ಟಿಕೊಂಡರೆ ಸಾಕು. ನೀರು ವೈರುಗಳ ಕಟ್ಟನ್ನೇ ಹಿಡಿದು ಸಲೀಸಾಗಿ ಒಳಗಿಳಿಯುತ್ತೆ. ಸನ್‌ರೂಫ್ ಬೇಕೇಬೇಕು ಅಂತ ಹಟ ಹಿಡಿದವರಿಗೆ ಅದರ ಮೂಲೆಯ ಪೈಪುಗಳ ಚಿಂತೆಯೂ ಉಚಿತ.

ನಮ್ಮ ಎಲೆಕ್ಟ್ರಿಷಿಯನ್ ಹುಡುಗ ಮೀಟರ್ ತೆಗೆಯೋ ಮೊದಲು ಮೂಗು ಬಳಸ್ತಾನೆ. ಮುಗ್ಗಲು ವಾಸನೆ ಬಂತೋ, ಮ್ಯಾಟ್ ಎತ್ತಿ ಕಾರ್ಪೆಟ್ಟಿನಡಿಯ ಸ್ಪಂಜು ಹಿಂಡ್ತಾನೆ. ಮೇಲೆಲ್ಲ ಒಣಗಿ ಗರಿಗರಿ, ಕೆಳಗೆ ಚೊಂಬುಗಟ್ಟಲೆ ನೀರು! ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಒಂದೊಂದೇ ಕಪ್ಲರ್ ಕೀಳೋದು. ಹಿತ್ತಾಳೆ ಚೊಂಬಿಗೆ ಹಿಡಿಯುತ್ತಲ್ಲ, ಅದೇ ಹಸಿರು ಕಿಲುಬು ಪಿನ್ನಿನ ತುಂಬ. ಸ್ಪ್ರೇ ಹೊಡೆದು ಬ್ರಶ್ ಹಾಕಿದರೆ ಹೋಗುತ್ತೆ. ಆದರೆ ವೈರಿನ ತೊಗಟೆಯೊಳಗೆ ನೀರು ಏರಿ ತಾಮ್ರ ಕಪ್ಪಾಗಿದ್ದರೆ ಕತ್ತರಿಸಿ ಹೊಸ ತುಂಡು ಹಾಕದೆ ವಿಧಿಯಿಲ್ಲ.

ಇನ್ನು ಬೆಳಗಾದರೆ ಬ್ಯಾಟರಿ ಡೌನ್ ಆಗೋದಿದೆಯಲ್ಲ, ಅದಕ್ಕೆ ತಾಳ್ಮೆ ಬೇಕು. ಕಾರು ಲಾಕ್ ಮಾಡಿ, ಅದು ನಿದ್ದೆಹೋಗೋ ತನಕ ಅರ್ಧಗಂಟೆ ಕಾದು, ಎಷ್ಟು ಕರೆಂಟು ಸೋರ್ತಿದೆ ಅಂತ ನೋಡ್ತಾನೆ. 50 ಮಿಲಿಆಂಪ್ ಒಳಗಿದ್ದರೆ ಸರಿ. ಜಾಸ್ತಿಯಿದ್ದರೆ ಒಂದೊಂದೇ ಫ್ಯೂಸ್ ಕಿತ್ತು ಕಳ್ಳನನ್ನ ಹಿಡೀಬೇಕು.

ಅಂದಹಾಗೆ ನಿಮ್ಮ ವೈಪರ್ ಬುಡವನ್ನೂ ಒಮ್ಮೆ ನೋಡಿಕೊಳ್ಳಿ ರಾಯರೇ. ಹೊಂಗೆ ಮರ ನಮ್ಮ ಕಾಂಪೌಂಡಿನದೇ, ಒಪ್ಪಿದೆ. ಆದರೆ ಅದರ ಎಲೆ ನಿಮ್ಮ ಕಡೆ ಉದುರಿದರೆ ನನ್ನ ಕೇಳಬಾರದು, ಮೊದಲೇ ಹೇಳಿದೀನಿ.